ಮಕ್ಕಳ ಫುಟ್‌ಬಾಲ್ ಕ್ಲಬ್ ಬದಲಿಸಬೇಕೆ? ಮೊದಲು ಬುಧವಾರದ ಪ್ರಾಕ್ಟೀಸ್ ನೋಡಿ ಬನ್ನಿ

ಏಪ್ರಿಲ್ ಬಂತೆಂದರೆ ನಮ್ಮ ಗ್ರೌಂಡಿನ ಕಟ್ಟೆಯ ಮೇಲೆ ಒಂದೇ ಮಾತು. "ನಿಮ್ಮ ಮಗ ಇಲ್ಲೇ ಇರ್ತಾನಾ, ಬೇರೆ ಕಡೆ ಹಾಕ್ತೀರಾ?" ಪರೀಕ್ಷೆ ಮುಗಿದಿರುತ್ತದೆ. ಟ್ರಯಲ್ಸ್ ಪೋಸ್ಟರ್‌ಗಳು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿರುತ್ತವೆ. ಜೊತೆಯ ಹುಡುಗನೊಬ್ಬ ಆಗಲೇ ಹೊಸ ಜರ್ಸಿ ತೊಟ್ಟು ಫೋಟೋ ಕಳಿಸಿರುತ್ತಾನೆ, ಮನೆಯಲ್ಲಿ ಊಟದ ಹೊತ್ತಿಗೆ ಅದೇ ಚರ್ಚೆ.

ಈ ಸಲ ಮೂರು ಮನೆಯವರು ನನ್ನನ್ನು ಕೇಳಿದರು. ಒಬ್ಬರ ಮಗನಿಗೆ 13. ಮ್ಯಾಚಿನಲ್ಲಿ ಆಡಿಸುತ್ತಲೇ ಇಲ್ಲ ಎಂಬ ದುಃಖ. ಇನ್ನೊಬ್ಬರ ಮಗನಿಗೆ 15. ತಂಡದಲ್ಲಿ ಅವನದೇ ಮೇಲುಗೈ, ಇಲ್ಲಿ ಕಲಿಯಲು ಇನ್ನೇನೂ ಉಳಿದಿಲ್ಲವೇನೋ ಎಂಬ ಆತಂಕ. ಮೂರನೆಯವರ ಮಗಳಿಗೆ 14. ಅವಳ ವಯಸ್ಸಿನ ಹುಡುಗಿಯರ ತಂಡವೇ ಆ ಕ್ಲಬ್ಬಿನಲ್ಲಿಲ್ಲ. ಮೂವರೂ ಕೇಳಿದ್ದು ಒಂದೇ ಪ್ರಶ್ನೆ, ಆದರೆ ಮೂವರಿಗೂ ಒಂದೇ ಉತ್ತರ ಕೊಟ್ಟರೆ ಇಬ್ಬರಿಗಾದರೂ ಅನ್ಯಾಯವಾಗುತ್ತದೆ.

ನಾನು ಕೋಚ್ ಅಲ್ಲ. ಎಂಟು ವರ್ಷ ಮಗನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬಾಣಸವಾಡಿಯಿಂದ ಬೆಂಗಳೂರಿನ ಒಂದೊಂದು ಮೂಲೆಯ ಗ್ರೌಂಡಿಗೂ ಹೋಗಿಬಂದ ತಾಯಿ. ಅವನು ಎರಡು ಸಲ ಕ್ಲಬ್ ಬದಲಿಸಿದ. 12ರಲ್ಲಿ ಬದಲಿಸಿದ್ದು ತಪ್ಪಾಯಿತು, 15ರಲ್ಲಿ ಬದಲಿಸಿದ್ದು ಸರಿಹೋಯಿತು. ಮೊದಲ ಸಲ ನಾವು ನೋಡಿದ್ದು ಭಾನುವಾರದ ಮ್ಯಾಚು, ಹಸಿರು ಟರ್ಫು, ಒಂದೇ ಬಣ್ಣದ ಬ್ಯಾಗುಗಳ ಸಾಲು. ಎರಡನೇ ಸಲ ನೋಡಿದ್ದು ಬುಧವಾರ ಸಂಜೆಯ ಪ್ರಾಕ್ಟೀಸು. ನನಗೆ ಗೊತ್ತಿರುವುದೆಲ್ಲ ಆ ಎರಡರ ನಡುವೆ ಕಲಿತದ್ದು.

ಕ್ಲಬ್ ನೋಡುವ ಮೊದಲು ಅಳತೆಗೋಲು ಇಟ್ಟುಕೊಳ್ಳಿ

ಒಂದು ನೋಟ್‌ಬುಕ್ಕಿನಿಂದ ಶುರುಮಾಡಿ. ಎರಡು ತಿಂಗಳು ಪ್ರತಿ ಮ್ಯಾಚಿನಲ್ಲೂ ನಿಮ್ಮ ಮಗು ಎಷ್ಟು ನಿಮಿಷ ಆಡಿತು, ಯಾವ ಜಾಗದಲ್ಲಿ ಆಡಿತು ಎಂದು ಬರೆದಿಡಿ. "ಆಡಿಸೋದೇ ಇಲ್ಲ" ಎಂದು ನಮಗೆ ಅನ್ನಿಸುವುದಕ್ಕೂ ನಿಜಕ್ಕೂ ಬಹಳ ಅಂತರವಿರುತ್ತದೆ. ನಾನು ಲೆಕ್ಕ ಹಾಕಿದ ಮೇಲೆ ನನ್ನ ಮಗ ಅರ್ಧಕ್ಕಿಂತ ಹೆಚ್ಚೇ ಆಡುತ್ತಿದ್ದ ಎಂದು ತಿಳಿಯಿತು. ನನಗೆ ನೆನಪಿದ್ದದ್ದು ಅವನನ್ನು ಹೊರಗೆ ಕರೆದ ಗಳಿಗೆಗಳು ಮಾತ್ರ. ನನ್ನ ಸ್ವಂತ ಲೆಕ್ಕಾಚಾರ ಹೀಗೆ: ಒಟ್ಟು ನಿಮಿಷದಲ್ಲಿ ಅರ್ಧ ಸಿಗುತ್ತಿದ್ದರೆ ಆ ಕಾರಣಕ್ಕೆ ಕ್ಲಬ್ ಬಿಡಬೇಡಿ. ಮೂರನೇ ಒಂದು ಭಾಗಕ್ಕಿಂತ ಕಡಿಮೆಯಾದರೆ ಕೋಚ್ ಜೊತೆ ಕೂತು ಮಾತಾಡಿ. ಮಾತಾಡಿದ ಮೇಲೂ ಮೂರು ತಿಂಗಳು ಹಾಗೇ ಉಳಿದರೆ ಹುಡುಕಲು ಶುರುಮಾಡಿ. ಪಾಸ್ ಯಾವಾಗ ಕೊಡಬೇಕು, ಯಾವಾಗ ಚೆಂಡನ್ನು ಕಾಲಲ್ಲೇ ಇಟ್ಟುಕೊಳ್ಳಬೇಕು ಎಂಬುದನ್ನು ಬೆಂಚಿನ ಮೇಲೆ ಕೂತು ಯಾರೂ ಕಲಿಯಲಾರರು.

ಇದರ ಜೊತೆಗೆ ದೇಹದ ಮಾತನ್ನೂ ಆಡಬೇಕು. ಹುಡುಗರು ಅತಿ ವೇಗವಾಗಿ ಎತ್ತರ ಬೆಳೆಯುವುದು ಸರಾಸರಿ 14ರ ಸುಮಾರಿಗೆ, ಹುಡುಗಿಯರು 12ರ ಸುಮಾರಿಗೆ. ಇದು ಒಬ್ಬೊಬ್ಬರಲ್ಲಿ ಒಂದೆರಡು ವರ್ಷ ಹಿಂದೆಮುಂದೆ ಆಗುತ್ತದೆ. ನಮ್ಮಲ್ಲಿ ವಯೋಮಿತಿಯ ತಂಡಗಳಿಗೆ ಜನವರಿ 1 ಗಡಿ. ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರಿನಲ್ಲಿ ಹುಟ್ಟಿದವನೂ ಒಂದೇ ತಂಡದಲ್ಲಿ ನಿಲ್ಲುತ್ತಾರೆ, ನಡುವೆ ಹೆಚ್ಚುಕಡಿಮೆ ಒಂದು ವರ್ಷದ ಅಂತರ. 13ರ ಹುಡುಗನನ್ನು ಆಡಿಸದಿರುವುದಕ್ಕೆ ಕಾರಣ ಆಟವೋ, ಎತ್ತರವೋ ಎಂದು ಕೋಚ್‌ಗೆ ನೇರವಾಗಿ ಕೇಳಿ. ಎತ್ತರ ಕಾರಣವಾದರೆ ಕ್ಲಬ್ ಬದಲಿಸಿಯೂ ಪ್ರಯೋಜನವಿಲ್ಲದಿರಬಹುದು. ಹೊಸ ಕ್ಲಬ್ಬಿನಲ್ಲೂ ಅವನು ಅಷ್ಟೇ ಎತ್ತರ ಇರುತ್ತಾನೆ. ಆದರೆ ಗಿಡ್ಡ ಹುಡುಗನನ್ನೂ ಆಡಿಸಿ ಕಲಿಸುವ ಕೋಚ್ ಸಿಕ್ಕರೆ, ಅಂಥವರಿಗಾಗಿ ಕ್ಲಬ್ ಬದಲಿಸಬಹುದು.

ಹೀಗಾಗಿ ನನ್ನ ಎರಡನೆಯ ಮತ್ತು ಅತಿ ದೊಡ್ಡ ಅಳತೆಗೋಲು ಕೋಚ್. ಅದಕ್ಕೇ ಬುಧವಾರದ ಪ್ರಾಕ್ಟೀಸ್ ನೋಡಿ ಎನ್ನುವುದು. ಮ್ಯಾಚಿನ ದಿನ ಎಲ್ಲ ಕ್ಲಬ್ಬೂ ಚೆನ್ನಾಗಿಯೇ ಕಾಣುತ್ತದೆ. ವಾರದ ಮಧ್ಯೆ ಹೇಳದೆ ಕೇಳದೆ ಹೋಗಿ, ಒಂದೂವರೆ ಗಂಟೆ ಕೂತುಬಿಡಿ. 20 ಮಕ್ಕಳಿಗೆ ಎಷ್ಟು ಚೆಂಡುಗಳಿವೆ? ಒಂದು ಮಗು ಸಾಲಿನಲ್ಲಿ ಸುಮ್ಮನೆ ನಿಂತು ಕಾಯುವುದು ಎಷ್ಟು ಹೊತ್ತು? ನಾವು ಮೊದಲ ಸಲ ಸೇರಿಸಿದ ಕಡೆ ಮಕ್ಕಳು ಪ್ರಾಕ್ಟೀಸಿನ ಅರ್ಧ ಸಮಯ ಸಾಲಿನಲ್ಲೇ ನಿಲ್ಲುತ್ತಿದ್ದರು. ಅದನ್ನು ನಾನು ಗಮನಿಸಿದ್ದು ಒಂದು ವರ್ಷದ ಫೀಸು ಕಟ್ಟಿದ ನಂತರ. ಕೋಚ್‌ಗೆ ಎಲ್ಲ ಮಕ್ಕಳ ಹೆಸರು ಗೊತ್ತಿದೆಯೇ? ತಪ್ಪಾದಾಗ "ಏಯ್, ಏನ್ ಮಾಡ್ತಿದೀಯಾ" ಎಂದು ಕೂಗಿ ಬಿಡುತ್ತಾರೋ, ಆಟ ನಿಲ್ಲಿಸಿ "ಇಲ್ಲಿ ನಿನಗೆ ಇನ್ನೇನು ದಾರಿಯಿತ್ತು?" ಎಂದು ಕೇಳುತ್ತಾರೋ? ತಂಡದ ಕೊನೆಯ ಹುಡುಗನಿಗೂ ತಿದ್ದುವ ಮಾತು ಸಿಗುತ್ತದೆಯೋ? ನಿಮ್ಮ ಮಗು ಅಲ್ಲಿಗೆ ಹೋದ ಮೊದಲ ಆರು ತಿಂಗಳು ಕೊನೆಯ ಹುಡುಗನ ಜಾಗದಲ್ಲೇ ಇರುವ ಸಾಧ್ಯತೆ ಹೆಚ್ಚು. ಆದ್ದರಿಂದ ತಂಡದ ಸ್ಟಾರ್‌ನನ್ನು ನೋಡಬೇಡಿ, ಆ ಕೊನೆಯ ಹುಡುಗನನ್ನು ನೋಡಿ.

ಕೋಚ್ ಲೈಸೆನ್ಸ್ ಕೇಳಲು ಸಂಕೋಚ ಬೇಡ. ಭಾರತದ ಫುಟ್‌ಬಾಲ್ ಒಕ್ಕೂಟ ಎಐಎಫ್‌ಎಫ್‌ನ ಡಿ ಲೈಸೆನ್ಸ್, ಅದರ ಮೇಲೆ ಏಷ್ಯಾದ ಒಕ್ಕೂಟ ಎಎಫ್‌ಸಿಯ ಸಿ, ಬಿ, ಎ, ಪ್ರೊ ಎಂದು ಮೆಟ್ಟಿಲುಗಳಿವೆ. ಪೋಸ್ಟರಿನಲ್ಲಿ ಎ ಲೈಸೆನ್ಸ್ ಇರುವವರ ಹೆಸರಿದ್ದು, ನಿಮ್ಮ ಮಗುವಿನ ಬ್ಯಾಚಿಗೆ ಬರುವವರು ಬೇರೆಯೇ ಇರುತ್ತಾರೆ. "ನನ್ನ ಮಗನಿಗೆ ದಿನಾ ಕಲಿಸೋರು ಯಾರು?" ಎಂದೇ ಕೇಳಿ. ಲೈಸೆನ್ಸ್ ಇದ್ದ ಮಾತ್ರಕ್ಕೆ ಒಳ್ಳೆಯ ಗುರು ಎಂದಲ್ಲ. ಆದರೆ 14 ವರ್ಷದ ಮಕ್ಕಳನ್ನು ಯಾವ ತರಬೇತಿಯೂ ಇಲ್ಲದವರ ಕೈಗೆ ಕೊಡುವುದು ನನಗೆ ಒಪ್ಪಿಗೆಯಿಲ್ಲ. ವಾರ್ಮ್ ಅಪ್ ಹೇಗೆ ಮಾಡಿಸುತ್ತಾರೆ ಎಂಬುದನ್ನೂ ನೋಡಿ. ಫಿಫಾ ರೂಪಿಸಿದ 11 ಪ್ಲಸ್ ಎಂಬ 20 ನಿಮಿಷದ ವ್ಯಾಯಾಮ ಕ್ರಮವಿದೆ, 14 ಮೇಲ್ಪಟ್ಟವರಿಗೆಂದೇ ಮಾಡಿದ್ದು. ವಾರಕ್ಕೆ ಎರಡು ಮೂರು ಸಲ ಸರಿಯಾಗಿ ಮಾಡಿಸಿದರೆ ಗಾಯಗಳು ಗಣನೀಯವಾಗಿ ಕಡಿಮೆಯಾಗುತ್ತವೆ. ಅದಕ್ಕೆ ಖರ್ಚೇ ಇಲ್ಲ. ಆದರೂ ಮಾಡಿಸದೆ, ಗ್ರೌಂಡಿಗೆ ಎರಡು ಸುತ್ತು ಓಡಿಸಿ ನೇರ ಮ್ಯಾಚಿಗೆ ಬಿಡುವ ಕಡೆಗಳು ಈಗಲೂ ಇವೆ.

ಮೂರನೆಯದು ದೂರ. ಒಂದು ಲೆಕ್ಕ ಹಾಕಿ ನೋಡಿ. ಹೆಣ್ಣೂರಿನಿಂದ ಕನಕಪುರ ರಸ್ತೆಗೆ ಸಂಜೆ ಟ್ರಾಫಿಕ್ಕಿನಲ್ಲಿ ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆ ಅಂದುಕೊಳ್ಳಿ. ವಾರಕ್ಕೆ ನಾಲ್ಕು ದಿನ ಎಂದರೆ ರಸ್ತೆಯಲ್ಲೇ 12 ಗಂಟೆ. ಗ್ರೌಂಡಿನಲ್ಲಿ ಆಡುವುದು 6 ಗಂಟೆ. ಆಡುವುದರ ಎರಡರಷ್ಟು ಹೊತ್ತು ಕಾರಿನಲ್ಲಿ ಕೂರುವ ಮಗುವಿಗೆ ನಿದ್ದೆ, ಓದು ಎರಡೂ ಕಡಿಮೆಯಾಗುತ್ತವೆ. 9ನೇ, 10ನೇ ತರಗತಿಯಲ್ಲಿ ಇದು ಇನ್ನೂ ಬಿಗಿಯಾಗುತ್ತದೆ. ವಾರದಲ್ಲಿ ಒಂದೆರಡು ದಿನ ಪೂರ್ತಿ ವಿಶ್ರಾಂತಿ ಬೇಕು, ವಾರದ ಒಟ್ಟು ಪ್ರಾಕ್ಟೀಸ್ ಗಂಟೆಗಳು ಮಗುವಿನ ವಯಸ್ಸಿನ ಸಂಖ್ಯೆಯನ್ನು ಮೀರಬಾರದು ಎಂದು ಮಕ್ಕಳ ಕ್ರೀಡಾ ವೈದ್ಯರು ಹೇಳುತ್ತಾರೆ. ಶಾಲೆಯ ತಂಡ, ಕ್ಲಬ್, ವಾರಾಂತ್ಯದ ಸ್ಪೆಷಲ್ ಕೋಚಿಂಗ್ ಮೂರನ್ನೂ ಕೂಡಿಸಿ ನೋಡಿದರೆ ಎಷ್ಟೋ ಮಕ್ಕಳು ಆ ಗಡಿ ದಾಟಿರುತ್ತಾರೆ. ಮೊಣಕಾಲಿನ ಕೆಳಗೆ, ಹಿಮ್ಮಡಿಯಲ್ಲಿ ನೋವು ಎನ್ನುವ ಮಕ್ಕಳ ತಾಯಂದಿರು ಮೊದಲು ಈ ಮೊತ್ತ ನೋಡಬೇಕು.

ಹಣದ ವಿಷಯದಲ್ಲಿ ತಿಂಗಳ ಫೀಸನ್ನಷ್ಟೇ ನೋಡಿ ಮೋಸಹೋಗಬೇಡಿ. ತಿಂಗಳಿಗೆ 4,000 ರೂಪಾಯಿ ಎಂದರೆ ವರ್ಷಕ್ಕೆ 48,000. ಅದರ ಮೇಲೆ ಕಿಟ್, ಎರಡು ಜೊತೆ ಬೂಟು, ಹೊರ ಊರಿನ ಟೂರ್ನಮೆಂಟಿಗೆ ರೈಲು, ಊಟ, ವಸತಿ, ಪೆಟ್ರೋಲು. ಬೆಳೆಯುವ ಹುಡುಗನ ಪಾದ ಒಂದೇ ವರ್ಷದಲ್ಲಿ ಎರಡು ಸೈಜ್ ಬದಲಾಗಬಹುದು, ಅದನ್ನೂ ಸೇರಿಸಿ. "ವರ್ಷಕ್ಕೆ ಎಲ್ಲ ಸೇರಿ ಎಷ್ಟಾಗುತ್ತೆ? ಕಳೆದ ವರ್ಷ ಇದೇ ಬ್ಯಾಚಿನವರು ಎಷ್ಟು ಕೊಟ್ರು?" ಎಂದು ಹಳೆಯ ತಂದೆತಾಯಿಗಳನ್ನು ಕೇಳಿ. ಆಫೀಸಿನಲ್ಲಿ ಕೂತವರಿಗಿಂತ ಕಟ್ಟೆಯ ಮೇಲೆ ಕೂತವರು ಸರಿಯಾಗಿ ಹೇಳುತ್ತಾರೆ.

ಕೊನೆಯದು ಮಗುವಿನ ಮನಸ್ಸು. ಸೋತ ದಿನ ಕೇಳಬೇಡಿ, ಅವತ್ತು ಎಲ್ಲರಿಗೂ ಕ್ಲಬ್ ಬಿಡಬೇಕೆನ್ನಿಸುತ್ತದೆ. ಗೆದ್ದ ವಾರ ಕೇಳಿ. ಗೆದ್ದ ಖುಷಿಯಲ್ಲೂ "ಹೋಗ್ಬೇಕು ಅಮ್ಮಾ" ಎಂದರೆ ಆ ಮಾತಿಗೆ ತೂಕವಿದೆ.

ಇದ್ದಲ್ಲೇ ಇರುವುದು

ಇದನ್ನು ಆಯ್ಕೆ ಎಂದೇ ಎಷ್ಟೋ ಜನ ಎಣಿಸುವುದಿಲ್ಲ. ಆದರೆ ಬೆಂಗಳೂರಿನ ಫುಟ್‌ಬಾಲ್ ಬೆಳೆದದ್ದೇ ಬಡಾವಣೆಯ ಕ್ಲಬ್ಬುಗಳಲ್ಲಿ. ಆಸ್ಟಿನ್ ಟೌನ್, ಮರ್ಫಿ ಟೌನ್, ಹಲಸೂರು, ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡ ಗೌತಮಪುರ, ಇವೆಲ್ಲ ಮಣ್ಣಿನ ಗ್ರೌಂಡಿನಿಂದ ದೇಶದ ತಂಡಕ್ಕೆ ಆಟಗಾರರನ್ನು ಕೊಟ್ಟ ಸೀಮೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಅಷ್ಟು ಹಿಂದಕ್ಕೆ ಹೋಗಬೇಕಿಲ್ಲ, 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ರಾಜ್ಯ ತಂಡಗಳ ಪಂದ್ಯಾವಳಿಯಾದ ಸಂತೋಷ್ ಟ್ರೋಫಿ ಗೆದ್ದಿತು. 1968-69ರ ನಂತರ ಮೊದಲ ಬಾರಿ. ಆ ತಂಡದಲ್ಲಿದ್ದವರು ಬಹುಪಾಲು ನಮ್ಮದೇ ಸ್ಥಳೀಯ ಲೀಗಿನಲ್ಲಿ ಆಡಿ ಬಂದವರು. ಸಣ್ಣ ಕ್ಲಬ್ಬಿನಲ್ಲಿದ್ದರೆ ದಾರಿ ಮುಚ್ಚಿತು ಎಂದು ಹೆದರಿಸುವವರಿಗೆ ನಾನು ಆ ತಂಡವನ್ನು ನೆನಪಿಸುತ್ತೇನೆ.

ಇದ್ದಲ್ಲೇ ಇರುವುದು ಸರಿ ಎನ್ನಲು ನನಗೆ ಎರಡು ಸೂಚನೆ ಸಾಕು: ಮಗು ಪೂರ್ತಿ ನಿಮಿಷ ಆಡುತ್ತಿದೆ, ಮತ್ತು ಕಳೆದ ಆರು ತಿಂಗಳಲ್ಲಿ ಹೊಸದೇನಾದರೂ ಕಲಿತಿದೆ. ಮೊದಲನೆಯದು ಇದ್ದು ಎರಡನೆಯದು ಇಲ್ಲದಿದ್ದರೆ, ಕ್ಲಬ್ ಬಿಡುವ ಮೊದಲು ಅಲ್ಲೇ ಒಂದು ಮೆಟ್ಟಿಲು ಮೇಲೆ ಆಡಿಸಲು ಕೇಳಿ. 15ರ ಹುಡುಗ 17 ವಯೋಮಿತಿಯ ತಂಡದ ಜೊತೆ ವಾರಕ್ಕೆರಡು ದಿನ ಪ್ರಾಕ್ಟೀಸ್ ಮಾಡಿದರೆ ಅವನಿಗೆ ಬೇಕಾದ ಸವಾಲು ಅಲ್ಲೇ ಸಿಗಬಹುದು. ಕಟ್ಟುಮಸ್ತಾದವರ ನಡುವೆ ಚೆಂಡು ಕಳೆದುಕೊಂಡು ಕಲಿಯುವುದು ಬೇರೆಯೇ ಪಾಠ. ಸ್ವಂತ ಮಕ್ಕಳಂತೆ ನೋಡುವ ಕೋಚ್, ಹತ್ತು ನಿಮಿಷದ ದಾರಿ, ಕೈಗೆಟುಕುವ ಫೀಸು, ಇವನ್ನೆಲ್ಲ ಬಿಟ್ಟುಹೋಗುವುದಕ್ಕೆ ಬಲವಾದ ಕಾರಣ ಬೇಕು.

ಒಂದು ಸಂದರ್ಭದಲ್ಲಿ ಮಾತ್ರ ಯೋಚನೆಯೇ ಬೇಡ. ಹೊಡೆಯುವ ಕೋಚ್, ಅವಮಾನಿಸುವ ಮಾತು, ಗಾಯವಾದ ಮಗುವನ್ನು ಆಡಿಸುವುದು, ಮೈಮುಟ್ಟುವ ವರ್ತನೆಯ ಬಗ್ಗೆ ಮಗು ಹೇಳಿದ ಒಂದೇ ಒಂದು ಮಾತು: ಇವುಗಳಲ್ಲಿ ಯಾವುದಿದ್ದರೂ ಸೀಸನ್ ಮುಗಿಯುವ ತನಕ ಕಾಯಬೇಡಿ. ಅವತ್ತೇ ಬಿಡಿಸಿ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು.

ಇನ್ನೊಂದು ಸಣ್ಣ ಕ್ಲಬ್

ಬೆಂಚಿನಲ್ಲಿ ಕೂತ ಮಗುವಿಗೆ ನಾನು ಮೊದಲು ಸೂಚಿಸುವುದು ಇದನ್ನೇ, ಆದರೆ ಯಾರಿಗೂ ಇದು ಇಷ್ಟವಾಗುವುದಿಲ್ಲ. ಹೆಸರಿಲ್ಲದ ಕ್ಲಬ್ಬಿಗೆ ಹೋದರೆ ಕೆಳಗಿಳಿದಂತೆ ಎಂಬ ಭಾವನೆ. 25 ಹುಡುಗರಿರುವ ಹೆಸರಾಂತ ತಂಡದಲ್ಲಿ 19ನೆಯವನಾಗಿರುವುದಕ್ಕಿಂತ, 16 ಹುಡುಗರ ತಂಡದಲ್ಲಿ ವಾರವಾರವೂ ಪೂರ್ತಿ ಆಡುವುದು 13-14ರ ವಯಸ್ಸಿಗೆ ಹೆಚ್ಚು ಉಪಯೋಗ. ಸುನಿಲ್ ಛೆಟ್ರಿ ಕೋಲ್ಕತ್ತಾದ ದೊಡ್ಡ ಕ್ಲಬ್ ಮೋಹನ್ ಬಗಾನ್ ಸೇರುವ ಮೊದಲು ಆಡಿದ್ದು ದೆಹಲಿಯ ಸಿಟಿ ಕ್ಲಬ್ಬಿನಲ್ಲಿ. ಮೋಹನ್ ಬಗಾನ್‌ಗೆ ಹೋದದ್ದು 2002ರಲ್ಲಿ, 18 ತುಂಬುವ ಮುನ್ನ. ಮೊದಲು ಆಟ, ಆಮೇಲೆ ದೊಡ್ಡ ಹೆಸರು.

ಇಲ್ಲಿ ನೋಡಬೇಕಾದ ಮುಖ್ಯ ಸಂಗತಿ: ಆ ಕ್ಲಬ್ ರಾಜ್ಯ ಫುಟ್‌ಬಾಲ್ ಸಂಸ್ಥೆಯಾದ ಕೆಎಸ್‌ಎಫ್‌ಎಯ ವಯೋಮಿತಿಯ ಲೀಗಿನಲ್ಲಿ ತಂಡ ಇಳಿಸುತ್ತದೆಯೇ, ಅಥವಾ ಖಾಸಗಿ ಒಂದು ದಿನದ ಟೂರ್ನಮೆಂಟುಗಳಲ್ಲಿ ಮಾತ್ರ ಆಡುತ್ತದೆಯೇ? ಐದು ಜನರ ಟರ್ಫ್ ಟೂರ್ನಮೆಂಟಿನ ಟ್ರೋಫಿಗಳು ಮನೆಯ ಶೋಕೇಸಿಗೆ ಚೆಂದ. ಹನ್ನೊಂದು ಜನರ ಪೂರ್ಣ ಗ್ರೌಂಡಿನ ಆಟ ಅದರಿಂದ ಬರುವುದಿಲ್ಲ.

ಫೀಸಿನ ದೊಡ್ಡ ಅಕಾಡೆಮಿ

ನಗರದಲ್ಲಿ ಇವು ಅಣಬೆಗಳಂತೆ ಎದ್ದಿವೆ, ಒಳ್ಳೆಯವೂ ಇವೆ. ಒಳ್ಳೆಯ ಕಡೆ ಸಿಗುವುದು ಕ್ರಮವಾದ ಪಾಠಕ್ರಮ, ಸಮತಟ್ಟಾದ ಗ್ರೌಂಡು, ಮಳೆಗಾಲದಲ್ಲೂ ನಿಲ್ಲದ ಪ್ರಾಕ್ಟೀಸು, ಫಿಸಿಯೊ. ಕೆಟ್ಟ ಕಡೆ ಸಿಗುವುದು ಜರ್ಸಿ ಮತ್ತು ಇನ್‌ಸ್ಟಾಗ್ರಾಂ ವಿಡಿಯೊ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ.

ನಾವು 12ರಲ್ಲಿ ಎಡವಿದ್ದು ಇಂಥಲ್ಲೇ. "ಎಲೀಟ್ ಬ್ಯಾಚ್" ಎಂದರು, ಫೀಸು ಹೆಚ್ಚು ಕಟ್ಟಿದೆವು. ಮೂರು ತಿಂಗಳಾದ ಮೇಲೆ ಗೊತ್ತಾಯಿತು, ಫೀಸು ಕಟ್ಟಿದವರೆಲ್ಲರೂ ಎಲೀಟ್. ಮ್ಯಾಚ್ ಆಡುವ ತಂಡ ಬೇರೆಯೇ ಇದೆ. ಆದ್ದರಿಂದ ಈ ಪ್ರಶ್ನೆಗಳನ್ನು ಹಣ ಕಟ್ಟುವ ಮೊದಲೇ ಕೇಳಿ, ಉತ್ತರವನ್ನು ಮೆಸೇಜಿನಲ್ಲಿ ಬರೆಸಿಕೊಳ್ಳಿ. ಈ ವಯಸ್ಸಿನಲ್ಲಿ ಎಷ್ಟು ತಂಡಗಳಿವೆ? ನನ್ನ ಮಗ ಯಾವುದರಲ್ಲಿ? ಎಐಎಫ್‌ಎಫ್ ಮಾನ್ಯತೆ ಇದೆಯೇ, ವಯೋಮಿತಿಯ ರಾಷ್ಟ್ರೀಯ ಯೂತ್ ಲೀಗಿನಲ್ಲಿ ಕಳೆದ ವರ್ಷ ಆಡಿದ್ದೀರಾ? ಮಧ್ಯದಲ್ಲಿ ಬಿಟ್ಟರೆ ಹಣ ವಾಪಸ್ ಬರುತ್ತದೆಯೇ? ಶಾಲೆಯ ತಂಡಕ್ಕೆ ಆಡಲು ಬಿಡುತ್ತೀರಾ? ಕೊನೆಯದನ್ನು ಮರೆಯಬೇಡಿ. ಸುಬ್ರತೊ ಕಪ್ 1960ರಿಂದ ಶಾಲಾ ತಂಡಗಳಿಗೆ ನಡೆಯುತ್ತಿರುವ ಪಂದ್ಯಾವಳಿ, ಮುಂದೆ ಕ್ರೀಡಾ ಕೋಟಾದ ಸೀಟಿಗೆ ಶಾಲಾ ಮಟ್ಟದ ಪ್ರಮಾಣಪತ್ರಗಳೂ ಲೆಕ್ಕಕ್ಕೆ ಬರಬಹುದು. ಅದನ್ನು ತಡೆಯುವ ಅಕಾಡೆಮಿ ಅದಕ್ಕೆ ಬದಲಾಗಿ ಏನು ಕೊಡುತ್ತದೆ ಎಂದು ಕೇಳುವ ಹಕ್ಕು ನಿಮಗಿದೆ.

ಬಜೆಟ್ ಬಿಗಿ ಇರುವ ಮನೆಗೆ ನನ್ನ ಸಲಹೆ ನೇರ: ಸಾಲ ಮಾಡಿ ಇಲ್ಲಿಗೆ ಸೇರಿಸಬೇಡಿ. ನಿಜವಾಗಿ ಪ್ರತಿಭೆ ಕಂಡರೆ ಒಳ್ಳೆಯ ಅಕಾಡೆಮಿಯವರೇ ಫೀಸಿನಲ್ಲಿ ರಿಯಾಯಿತಿ ಕೊಡುತ್ತಾರೆ. ಕೇಳಿ ನೋಡಿ, ಕೇಳುವುದರಲ್ಲಿ ನಾಚಿಕೆಯಿಲ್ಲ.

ವೃತ್ತಿಪರ ಕ್ಲಬ್ಬಿನ ಯೂತ್ ತಂಡ

2024ರ ಸೆಪ್ಟೆಂಬರಿನಲ್ಲಿ ಕಂಠೀರವದಲ್ಲಿ ಕೋಲ್ಕತ್ತಾದ ಈಸ್ಟ್ ಬೆಂಗಾಲ್ ವಿರುದ್ಧ ನಮ್ಮ ಬೆಂಗಳೂರು ಎಫ್‌ಸಿಯ ಏಕೈಕ ಗೋಲು ಹೊಡೆದದ್ದು ಕ್ಲಬ್ಬಿನ ಯೂತ್ ತಂಡಗಳಲ್ಲೇ ಬೆಳೆದ ವಿನೀತ್ ವೆಂಕಟೇಶ್. ಮರುದಿನ ನಮ್ಮ ಗ್ರೌಂಡಿನಲ್ಲಿ ಎಲ್ಲ ಹುಡುಗರ ಬಾಯಲ್ಲೂ ಅದೇ ಹೆಸರು. ಆ ಕನಸು ಸುಳ್ಳಲ್ಲ. ಆದರೆ ಇಲ್ಲೊಂದು ಗೊಂದಲವಿದೆ, ಅದನ್ನು ಬಿಡಿಸಿಕೊಳ್ಳಿ: ಕ್ಲಬ್ಬಿನ ಹೆಸರಿನಲ್ಲಿ ಫೀಸು ಪಡೆದು ನಡೆಯುವ ಸಾಕರ್ ಸ್ಕೂಲ್ ಬೇರೆ, ಟ್ರಯಲ್ಸ್‌ನಲ್ಲಿ ಆರಿಸಿ ಲೀಗ್ ಆಡಿಸುವ ಯೂತ್ ತಂಡ ಬೇರೆ. ಮೊದಲನೆಯದಕ್ಕೆ ಸೇರಿದ್ದನ್ನೇ ಎರಡನೆಯದಕ್ಕೆ ಆಯ್ಕೆಯಾದಂತೆ ಸಂಭ್ರಮಿಸಿದ ಮನೆಗಳನ್ನು ನಾನು ಕಂಡಿದ್ದೇನೆ. ಮೊದಲನೆಯದರಲ್ಲಿ ತಪ್ಪೇನಿಲ್ಲ, ಅದನ್ನು ಮೇಲೆ ಹೇಳಿದ ಫೀಸಿನ ಅಕಾಡೆಮಿಯ ಅಳತೆಯಲ್ಲೇ ನೋಡಿದರಾಯಿತು.

ಎರಡನೆಯದರ ಕರೆ ಬಂದರೆ, ಮಗು ತಯಾರಿದ್ದರೆ, ಹೋಗಲಿ ಎಂಬುದೇ ನನ್ನ ಮಾತು. ಪ್ರಾಕ್ಟೀಸಿನ ಮಟ್ಟ, ಎದುರಾಳಿಗಳ ಮಟ್ಟ ಎರಡೂ ಬೇರೆ. ಒಂದು ಎಚ್ಚರ: ವರ್ಷದ ಕೊನೆಗೆ ಕ್ಲಬ್ಬಿನವರೇ ಹುಡುಗರನ್ನು ಕೈಬಿಡುವುದು ಅಲ್ಲಿ ಮಾಮೂಲು. ಹಾಗೆ ಕೈಬಿಟ್ಟ ಹುಡುಗನಿಗೆ ಮರಳಿ ಹೋಗಲು ಹಳೆಯ ಕ್ಲಬ್ಬಿನ ಬಾಗಿಲು ತೆರೆದಿರಬೇಕು. ಇನ್ನೊಂದು, ದೊಡ್ಡ ಹೆಸರೆಂದರೆ ಭದ್ರತೆ ಎಂದುಕೊಳ್ಳಬೇಡಿ. 2025ರ ಜುಲೈನಲ್ಲಿ ಎಐಎಫ್‌ಎಫ್ ಮತ್ತು ಲೀಗ್ ನಡೆಸುವ ಸಂಸ್ಥೆಯ ನಡುವಿನ ಒಪ್ಪಂದದ ಗೊಂದಲದಿಂದ ಇಂಡಿಯನ್ ಸೂಪರ್ ಲೀಗಿನ (ಐಎಸ್‌ಎಲ್) ಸೀಸನ್ನೇ ತಡೆಹಿಡಿಯಲ್ಪಟ್ಟಿತು. ದೇಶದ ಅತಿ ಎತ್ತರದ ಲೀಗಿಗೇ ಹಾಗಾಗುವುದಾದರೆ, ಓದಿನ ದಾರಿಯನ್ನು ಪೂರ್ತಿ ಕೈಬಿಟ್ಟು ಮಗುವನ್ನು ಅಲ್ಲಿಗೆ ಒಪ್ಪಿಸಲು ನನಗೆ ಧೈರ್ಯವಿಲ್ಲ.

ವಸತಿ ಅಕಾಡೆಮಿ

ಕಾರ್ಲ್‌ಟನ್ ಚಾಪ್ಮನ್ ಬೆಂಗಳೂರಿನ ಸದರ್ನ್ ಬ್ಲೂಸ್‌ನಲ್ಲಿ ಆಡುತ್ತಿದ್ದವರು. 1990ರಲ್ಲಿ ಜಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ ಸೇರಿದರು, 1993ರಲ್ಲಿ ಈಸ್ಟ್ ಬೆಂಗಾಲ್, ಮುಂದೆ ಭಾರತ ತಂಡದ ನಾಯಕತ್ವ. ಅವರು ಮನೆ ಬಿಟ್ಟು ಹೊರಟಾಗ 19 ವರ್ಷ ಎಂಬುದನ್ನು ಗಮನಿಸಿ. ಈಗ 12-13ಕ್ಕೇ ಕಳಿಸುವವರಿದ್ದಾರೆ.

ಬಡತನದ ಮನೆಯಿಂದ ಬಂದ, ಆಟವೊಂದೇ ದಾರಿಯಾದ ಮಗುವಿಗೆ ಊಟ, ಓದು, ಆಟ ಮೂರೂ ಉಚಿತವಾಗಿ ಸಿಗುವ ಆಯ್ಕೆಯ ವಸತಿ ಅಕಾಡೆಮಿ ದೊಡ್ಡ ವರ. ಜಿಲ್ಲೆಗಳಲ್ಲಿರುವವರು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ವಸತಿ ನಿಲಯಗಳ ಆಯ್ಕೆ ಶಿಬಿರದ ಬಗ್ಗೆ ಜಿಲ್ಲಾ ಕ್ರೀಡಾಂಗಣದ ಕಚೇರಿಯಲ್ಲಿ ಕೇಳಿ, ಫುಟ್‌ಬಾಲ್ ಯಾವ ನಿಲಯದಲ್ಲಿದೆ ಎಂದು ಖಚಿತ ಮಾಡಿಕೊಳ್ಳಿ. ಲಕ್ಷಗಟ್ಟಲೆ ಫೀಸಿನ ವಸತಿ ಶಾಲೆಯಾದರೆ ಲೆಕ್ಕ ಬೇರೆ. ಅದೇ ಹಣದಲ್ಲಿ ಮನೆಯಲ್ಲೇ ಇಟ್ಟುಕೊಂಡು ಒಳ್ಳೆಯ ಕೋಚ್, ಒಳ್ಳೆಯ ಶಾಲೆ, ಅಮ್ಮನ ಕೈ ಊಟ ಮೂರನ್ನೂ ಕೊಡಬಹುದೇ ಎಂದು ಮೊದಲು ನೋಡಿ. ಹೋಗುವುದೇ ಆದರೆ ರಾತ್ರಿ ವಾರ್ಡನ್ ಯಾರು, ಜ್ವರ ಬಂದರೆ ಯಾರು ನೋಡುತ್ತಾರೆ, ಫೋನ್ ಎಷ್ಟು ಸಲ, ಯಾವ ಬೋರ್ಡಿನ ಪರೀಕ್ಷೆ ಎಂಬುದೆಲ್ಲ ಆಟದಷ್ಟೇ ಮುಖ್ಯ. ಎರಡು ರಾತ್ರಿ ಮಗು ಅಲ್ಲಿದ್ದು ಬರಲು ಬಿಡುತ್ತಾರೆಯೇ ಕೇಳಿ.

ಹುಡುಗಿಯರ ವಿಷಯ

ಅಳತೆಗೋಲು ಅದೇ, ತೂಕ ಬೇರೆ. ಹುಡುಗಿಯರಿಗೆ ಕ್ಲಬ್ಬುಗಳೇ ಕಡಿಮೆ, ಆದ್ದರಿಂದ ದೂರವನ್ನು ಸ್ವಲ್ಪ ಸಹಿಸಬೇಕಾಗುತ್ತದೆ. ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಫ್‌ಸಿ 2023ರಲ್ಲಿ ಇಂಡಿಯನ್ ವಿಮೆನ್ಸ್ ಲೀಗಿನ ಫೈನಲ್ ತಲುಪಿತ್ತು ಎಂಬುದು ನಮ್ಮ ಹುಡುಗಿಯರಿಗೆ ಸಣ್ಣ ಮಾತಲ್ಲ. ಮೇಲಿನ ಮೆಟ್ಟಿಲು ಇದೇ ಊರಿನಲ್ಲಿದೆ. ಹುಡುಗರ ಜೊತೆ ಆಡಿ ಬೆಳೆಯುವುದು ಒಳ್ಳೆಯದೇ, ಆದರೆ 13-14ರ ನಂತರ ಮ್ಯಾಚ್ ಆಡಲು ಅವಳದೇ ವಯಸ್ಸಿನ ತಂಡ ಬೇಕು. ಬಟ್ಟೆ ಬದಲಿಸಲು ಬಾಗಿಲಿರುವ ಕೋಣೆ, ಶೌಚಾಲಯ, ಪ್ರವಾಸದಲ್ಲಿ ಮಹಿಳಾ ಮ್ಯಾನೇಜರ್: ಈ ಮೂರು ಇಲ್ಲದ ಕಡೆ ಆಟ ಎಷ್ಟೇ ಚೆನ್ನಾಗಿದ್ದರೂ ನಾನು ಬೇಡ ಎನ್ನುತ್ತೇನೆ. ಹುಡುಗಿಯರಲ್ಲಿ ಮೊಣಕಾಲಿನೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜಿನ ಗಾಯದ ಅಪಾಯ ಹುಡುಗರಿಗಿಂತ ಎರಡು ಮೂರು ಪಟ್ಟು ಹೆಚ್ಚು, ಹಾಗಾಗಿ ಮೇಲೆ ಹೇಳಿದ ವಾರ್ಮ್ ಅಪ್ ಮಾಡಿಸುವ ಕೋಚ್ ಅವರಿಗೆ ಇನ್ನೂ ಅಗತ್ಯ.

ವಿದೇಶದ ಆಸೆ ತೋರಿಸುವವರು

ಸ್ಪೇನಿನಲ್ಲಿ, ಪೋರ್ಚುಗಲ್‌ನಲ್ಲಿ ಟ್ರಯಲ್ಸ್, ಕ್ಲಬ್ಬಿಗೇ ಸೇರಿಸುತ್ತೇವೆ ಎಂದು ಲಕ್ಷಗಳಲ್ಲಿ ಹಣ ಕೇಳುವವರು ಈಗ ಹೆಚ್ಚಾಗಿದ್ದಾರೆ. ಫಿಫಾ ನಿಯಮದಂತೆ 18 ತುಂಬದ ಆಟಗಾರರನ್ನು ಒಂದು ದೇಶದಿಂದ ಇನ್ನೊಂದಕ್ಕೆ ವರ್ಗಾಯಿಸುವುದಕ್ಕೆ ನಿಷೇಧವಿದೆ. ವಿನಾಯಿತಿಗಳು ಕೆಲವೇ. ತಂದೆತಾಯಿ ಫುಟ್‌ಬಾಲಿಗೆ ಸಂಬಂಧವಿಲ್ಲದ ಕಾರಣಕ್ಕೆ ಆ ದೇಶಕ್ಕೆ ಹೋಗಿ ನೆಲೆಸಿದ್ದು ಅದರಲ್ಲಿ ಒಂದು. ಕೆಲಸಕ್ಕೆಂದು ದುಬೈಗೋ ಜರ್ಮನಿಗೋ ಹೋಗುವ ನಮ್ಮವರ ಮಕ್ಕಳು ಆ ದಾರಿಯಲ್ಲಿ ಅಲ್ಲಿ ನೋಂದಾಯಿಸಿಕೊಳ್ಳಬಹುದು. ಬರಿ ಏಜೆಂಟನ ಮಾತಿನ ಮೇಲೆ 15ರ ಹುಡುಗನಿಗೆ ಅಲ್ಲಿ ಲೀಗ್ ಆಡುವ ನೋಂದಣಿ ಸಿಗುವುದಿಲ್ಲ. ಎರಡು ವಾರದ ಶಿಬಿರಕ್ಕೆ ಹೋಗಿಬರುವುದು ಪ್ರವಾಸ, ಆ ಬೆಲೆಗೆ ಅಷ್ಟೇ ಎಂದು ತಿಳಿದು ಹೋಗಿ.

ಹೊರಡುವುದು ಎಂದು ತೀರ್ಮಾನಿಸಿದ ಮೇಲೆ

ಕಾಗದದ ಕೆಲಸವನ್ನು ಹಗುರವಾಗಿ ತೆಗೆದುಕೊಂಡು ನಾವು ಅನುಭವಿಸಿದ್ದೇವೆ. ಎಐಎಫ್‌ಎಫ್‌ನ ಸಿಆರ್‌ಎಸ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಮಗು ಒಮ್ಮೆ ಒಂದು ಕ್ಲಬ್ಬಿನ ಹೆಸರಿನಲ್ಲಿ ನೋಂದಣಿಯಾದರೆ, ಇನ್ನೊಂದು ಕ್ಲಬ್ಬಿಗೆ ಆಡಲು ಅಲ್ಲಿಂದ ವರ್ಗಾವಣೆಯಾಗಬೇಕು. ನನ್ನ ಮಗನ ಹಿಂದಿನ ಕ್ಲಬ್ಬಿನವರು "ಇವತ್ತು ಮಾಡ್ತೀವಿ, ನಾಳೆ ಮಾಡ್ತೀವಿ" ಎನ್ನುತ್ತ ಎರಡು ತಿಂಗಳು ಎಳೆದರು. ಹೊಸ ತಂಡ ಲೀಗಿನ ಐದು ಮ್ಯಾಚ್ ಆಡಿತು, ಇವನು ಹೊರಗೆ ನಿಂತು ನೀರಿನ ಬಾಟಲಿ ಹಿಡಿದ. ಆದ್ದರಿಂದ ಮೊದಲು ಬಾಕಿ ಫೀಸೆಲ್ಲ ಕಟ್ಟಿ ರಸೀದಿ ಪಡೆಯಿರಿ. ಲಿಖಿತವಾಗಿ ರಿಲೀಸ್ ಕೇಳಿ, ದಿನಾಂಕ ಹಾಕಿ. ನೋಂದಣಿ ಯಾವಾಗ ತೆರೆಯುತ್ತದೆ, ಯಾವಾಗ ಮುಚ್ಚುತ್ತದೆ ಎಂಬುದನ್ನು ಫುಟ್‌ಬಾಲ್ ಸ್ಟೇಡಿಯಂನಲ್ಲಿರುವ ಕೆಎಸ್‌ಎಫ್‌ಎ ಕಚೇರಿಯಲ್ಲೇ ವಿಚಾರಿಸಿ. ಒಂದು ಸೀಸನ್ನಿನಲ್ಲಿ ಹೆಚ್ಚೆಂದರೆ ಮೂರು ಕ್ಲಬ್ಬಿನಲ್ಲಿ ನೋಂದಣಿ, ಎರಡಕ್ಕೆ ಮಾತ್ರ ಅಧಿಕೃತ ಪಂದ್ಯ ಎಂಬುದು ಫಿಫಾ ನಿಯಮ. ದುಡುಕಿ ಹೋಗಿ, ಅಲ್ಲಿಯೂ ಹಿಡಿಸದೆ ಮತ್ತೊಂದಕ್ಕೆ ಹಾರಿದರೆ ಆ ವರ್ಷ ಆಟವೇ ಇಲ್ಲವಾಗಬಹುದು. ಯಾರಾದರೂ ವೃತ್ತಿಪರ ಒಪ್ಪಂದ ಮುಂದಿಟ್ಟರೆ, 18 ತುಂಬದವರ ಒಪ್ಪಂದ ಮೂರು ವರ್ಷ ಮೀರುವಂತಿಲ್ಲ ಎಂಬುದು ನೆನಪಿರಲಿ. ವಕೀಲರೊಬ್ಬರು ಓದದೆ ಸಹಿ ಬೇಡ.

ಸಮಯದ ಮಟ್ಟಿಗೆ, ಏಪ್ರಿಲ್-ಮೇ ಎಲ್ಲಕ್ಕಿಂತ ಒಳ್ಳೆಯದು. ಎಸ್‌ಎಸ್‌ಎಲ್‌ಸಿ ವರ್ಷದ ನಡುವೆ ಮಾತ್ರ ಬೇಡ. 9ನೇ ತರಗತಿ ಮುಗಿದಾಗ ಬದಲಿಸಿ, ಇಲ್ಲವೇ ಪರೀಕ್ಷೆ ಮುಗಿಯುವ ತನಕ ತಾಳಿ. ಹೋಗುವ ಮೊದಲು ಹೊಸ ಕಡೆ ಎರಡು ವಾರ ಪ್ರಾಕ್ಟೀಸಿಗೆ ಬರಲು ಬಿಡಿ ಎಂದು ಕೇಳಿ. ಬಿಡದಿದ್ದರೆ ಯಾಕೆಂದೂ ಕೇಳಿ.

ಆ ಮೂರು ಮನೆಗಳ ಕಥೆ ಹೇಳಿ ಮುಗಿಸುತ್ತೇನೆ. 13ರ ಹುಡುಗನ ನೋಟ್‌ಬುಕ್ಕಿನಲ್ಲಿ ಎರಡು ತಿಂಗಳಿಗೆ ಸಿಕ್ಕ ನಿಮಿಷ ಕಾಲುಭಾಗಕ್ಕೂ ಕಡಿಮೆ. ಅವನು ನವೆಂಬರಿನಲ್ಲಿ ಹುಟ್ಟಿದವನು, ತಂಡದಲ್ಲೇ ಗಿಡ್ಡ. ಮನೆಯ ಹತ್ತಿರದ ಸಣ್ಣ ಕ್ಲಬ್ಬಿನ ಬುಧವಾರದ ಪ್ರಾಕ್ಟೀಸ್ ನೋಡಿಬಂದರು, ಜೂನ್‌ನಿಂದ ಅಲ್ಲಿಗೆ. 15ರ ಹುಡುಗ ಇದ್ದಲ್ಲೇ ಇದ್ದಾನೆ, ವಾರಕ್ಕೆ ಎರಡು ದಿನ ದೊಡ್ಡವರ ತಂಡದ ಜೊತೆ ಪ್ರಾಕ್ಟೀಸ್. ಮೊನ್ನೆ ತುಟಿ ಒಡೆದುಕೊಂಡು ಬಂದನಂತೆ, ಆದರೆ ಖುಷಿಯಾಗಿದ್ದಾನೆ ಎಂದರು. ಮಗಳ ತಾಯಿ ಇನ್ನೂ ತೀರ್ಮಾನಿಸಿಲ್ಲ. ಹುಡುಗಿಯರ ತಂಡವಿರುವ ಕ್ಲಬ್ ಮನೆಯಿಂದ 14 ಕಿಲೋಮೀಟರ್, ಬಸ್ಸು ಎರಡು ಬದಲಿಸಬೇಕು. ಈ ಬುಧವಾರ ನಾವಿಬ್ಬರೂ ಹೋಗಿ ನೋಡಿಬರುತ್ತೇವೆ.